ಟಕ್ ಟಕ್ ಕಮ್ಮಿಯಾಯ್ತು, ಆದರೆ ಘಟ್ಟದಲ್ಲಿ ಎಳೆತ ಯಾಕೆ ಹೋಯ್ತು?

ಪ್ರಶ್ನೆ: ನಮ್ಮದು 2010ರ ಮಾರುತಿ ಓಮ್ನಿ. ಕಂಪನಿಯಿಂದಲೇ ಎಲ್‌ಪಿಜಿ ಕೂಡಿಸಿ ಬಂದ ಗಾಡಿ, ಪೆಟ್ರೋಲಿನಲ್ಲೂ ಓಡುತ್ತದೆ. 1,20,000 ಕಿ.ಮೀ. ಆಗಿದೆ. ಮನೆ ಶಿರಸಿ ಹತ್ತಿರ, ತಿಂಗಳಿಗೆ ನಾಲ್ಕೈದು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರುತ್ತೇನೆ. ಮಳೆಗಾಲ ಮುಗಿದಾಗಿನಿಂದ ಇಂಜಿನ್ನಿನಲ್ಲಿ ಟಕ್ ಟಕ್ ಶಬ್ದ. ಒಂದು ದಿನ ಕುಮಟಾದಿಂದ ಬರುವಾಗ ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅಲ್ಲೇ ನಿಂತು ಅರ್ಧ ಗಂಟೆಯಲ್ಲಿ ಟ್ಯಾಪೆಟ್ ಟೈಟ್ ಮಾಡಿ ಕೊಟ್ಟರು. ಶಬ್ದ ಅರ್ಧ ಕಮ್ಮಿಯಾಯ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಇನ್ನೂ ಟಿಕ್ ಟಿಕ್ ಇದೆ, ಬಿಸಿಯಾದ ಮೇಲೆ ಅದೂ ಇಲ್ಲ. ಆದರೆ ಈಗ ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಸ್ಲೋದಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ಗಾಡಿ ನಡುಗುತ್ತದೆ, ಘಟ್ಟದಲ್ಲಿ ಮೊದಲಿನ ಎಳೆತ ಇಲ್ಲ. ಒಬ್ಬರು ಹೆಡ್ ಕೆಲಸ ಅಂತಾರೆ. ಇನ್ನೊಬ್ಬರು ದಪ್ಪ ಆಯಿಲ್ ಹಾಕಿ ಅಂತಾರೆ. ಮತ್ತೊಬ್ಬರು ಟ್ಯಾಪೆಟ್ ಇನ್ನೊಂದು ಸ್ವಲ್ಪ ಟೈಟ್ ಮಾಡಿಸಿ ಅಂತಾರೆ. ಏನು ಮಾಡಲಿ?

ಉತ್ತರ:

ಮೊದಲು ಒಂದು ಮಾತು. ಟ್ಯಾಪೆಟ್ ಅಳತೆ ನೋಡುವವರೆಗೆ ಆ ಗಾಡಿಯನ್ನು ಘಟ್ಟ ಹತ್ತಿಸಬೇಡಿ. ಇನ್ನೊಂದು ಸಲ ಟೈಟ್ ಅಂತೂ ಮಾಡಿಸಲೇಬೇಡಿ. ಊರೊಳಗೆ ಓಡಿಸಲೇಬೇಕು ಅಂದರೆ ಕಿಟಕಿ ಗಾಜು ಇಳಿಸಿಕೊಂಡು ಓಡಿಸಿ. ಗಾಜು ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಬರೆದಿದ್ದನ್ನು ಓದಿದರೆ ನನಗೆ ಕಾಣುವುದು ಎರಡು ಬೇರೆ ಬೇರೆ ತೊಂದರೆ. ಎರಡೂ ಒಟ್ಟಿಗೆ ಕೇಳಿಸಿದ್ದರಿಂದ ಒಂದೇ ಅಂದುಕೊಂಡಿದ್ದೀರಿ. ಒಂದು ಸಡಿಲ ಟ್ಯಾಪೆಟ್, ಅದನ್ನು ಅಗತ್ಯಕ್ಕಿಂತ ಜಾಸ್ತಿ ಬಿಗಿ ಮಾಡಿದ್ದಾರೆ. ಇನ್ನೊಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ, ಅದರ ಪ್ಯಾಕಿಂಗಿನ ಲೀಕ್ ಇರಬಹುದು. ಅದನ್ನು ಯಾರೂ ಮುಟ್ಟಿಯೇ ಇಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿಮ್ಮ ಪತ್ರದಲ್ಲಿ ಒಂದು ಸುಳಿವು ಇದೆ. ಕುಮಟಾದಿಂದ ಬರುತ್ತಿದ್ದಿರಿ, ಇಂಜಿನ್ ಬಿಸಿ ಇತ್ತು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅಂದರೆ ಬಿಸಿ ಇಂಜಿನ್ ಮೇಲೆ ಟ್ಯಾಪೆಟ್ ಹೊಂದಿಸಿದ್ದಾರೆ. ಬಿಸಿಯಲ್ಲಿ ಹೊಂದಿಸುವುದು ತಪ್ಪೇನಲ್ಲ. ಆದರೆ ಆಗ ಬಿಸಿಯ ಅಳತೆಯನ್ನೇ ಇಡಬೇಕು.

ಓಮ್ನಿಯದ್ದು 796 ಸಿಸಿ, ಮೂರು ಸಿಲಿಂಡರ್, ಇಂಧನ ಒಳಗೆ ಬಿಡಲು ಮತ್ತು ಹೊಗೆ ಹೊರಗೆ ಬಿಡಲು ಆರು ವಾಲ್ವ್. ಮೇಲೆ ಒಂದು ಕ್ಯಾಮ್, ಅಂದರೆ ಉಬ್ಬುಗಳಿರುವ ದಂಡ, ಅದು ರಾಕರ್ ಎಂಬ ಸಣ್ಣ ತೋಳನ್ನು ಎತ್ತುತ್ತದೆ, ರಾಕರಿನ ಇನ್ನೊಂದು ತುದಿಯಲ್ಲಿರುವ ಸ್ಕ್ರೂ ವಾಲ್ವಿನ ತಲೆಯನ್ನು ಒತ್ತುತ್ತದೆ. ಆ ಸ್ಕ್ರೂ ತುದಿಗೂ ವಾಲ್ವಿನ ತಲೆಗೂ ನಡುವೆ ಒಂದು ಸಣ್ಣ ಸಂದು ಬೇಕು. ಟ್ಯಾಪೆಟ್ ಹೊಂದಿಸುವುದು ಅಂದರೆ ಈ ಸಂದನ್ನು ಹೊಂದಿಸುವುದು. ತಣ್ಣಗಿದ್ದಾಗ ಸುಮಾರು 0.15 ಮಿ.ಮೀ. ಆಸುಪಾಸು. ನಾವು ಬರೆಯುವ ಎ4 ಹಾಳೆ ಒಂದರ ದಪ್ಪ ಸುಮಾರು 0.1 ಮಿ.ಮೀ., ಅಂದರೆ ಒಂದೂವರೆ ಹಾಳೆಯಷ್ಟು. ನಿಮ್ಮ ಮಾಡೆಲ್‌ಗೆ ಸರಿಯಾದ ಸಂಖ್ಯೆ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಕೊನೆಗೆ ಅದನ್ನೇ ನಂಬಿ.

ಈ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಂ. ಬಿಸಿಯಾದಾಗ ಅದು ಉಕ್ಕಿನ ವಾಲ್ವಿಗಿಂತ ಜಾಸ್ತಿ ಹಿಗ್ಗುತ್ತದೆ. ಹೆಡ್ ಜೊತೆಗೆ ಕ್ಯಾಮೂ ರಾಕರೂ ಮೇಲೆ ಹೋಗುತ್ತವೆ, ವಾಲ್ವ್ ಅಷ್ಟು ಬೆಳೆಯುವುದಿಲ್ಲ, ಸಂದು ದೊಡ್ಡದಾಗುತ್ತದೆ. ಹಾಗಾಗಿ ಬಿಸಿಯಲ್ಲಿ ಅಳೆದರೆ ಸುಮಾರು 0.25 ಇರಬೇಕು. ಈಗ ಬಿಸಿ ಇಂಜಿನ್ನಿಗೆ ತಣ್ಣಗಿನ ಸಂಖ್ಯೆ 0.15 ಇಟ್ಟರೆ ಏನಾಗುತ್ತದೆ? ರಾತ್ರಿ ತಣ್ಣಗಾದಾಗ ಅದು 0.05ಕ್ಕೆ ಬಂದು ನಿಲ್ಲುತ್ತದೆ. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ಹಾಕದೆ, ಶಬ್ದ ನಿಲ್ಲುವವರೆಗೆ ಸ್ಕ್ರೂ ತಿರುಗಿಸಿದ್ದರೆ ಆ 0.05 ಸಹ ಉಳಿದಿರಲಿಕ್ಕಿಲ್ಲ.

ಸಂದು ಪೂರ್ತಿ ಹೋದರೆ ವಾಲ್ವ್ ತನ್ನ ಸೀಟಿನ ಮೇಲೆ, ಅಂದರೆ ಹೆಡ್ಡಿನಲ್ಲಿ ಅದು ಕೂರುವ ಬಳೆಯ ಮೇಲೆ, ಸರಿಯಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಕಂಪ್ರೆಶನ್, ಅಂದರೆ ಪಿಸ್ಟನ್ ಒತ್ತಿದ ಒತ್ತಡ, ಅಲ್ಲಿಂದ ಸೋರುತ್ತದೆ. ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಸ್ಲೋದಲ್ಲಿ ನಡುಕ, ಎಳೆತ ಕಮ್ಮಿ ಅಂತ ನೀವು ಬರೆದಿದ್ದು ಮೂರಕ್ಕೆ ಮೂರೂ ಇದಕ್ಕೆ ಹೊಂದುತ್ತವೆ. ಶಬ್ದ ಕಮ್ಮಿಯಾಗಿದ್ದಕ್ಕೂ ಇದೇ ಕಾರಣ. ಸಂದೇ ಇಲ್ಲ ಅಂದ ಮೇಲೆ ಬಡಿಯಲಿಕ್ಕೆ ಜಾಗ ಎಲ್ಲಿ?

ಸಡಿಲ ಟ್ಯಾಪೆಟ್ ಕಿವಿಗೆ ಕಿರಿಕಿರಿ. ಅದರಿಂದ ಸ್ಕ್ರೂ ತುದಿ, ರಾಕರ್, ಕ್ಯಾಮ್ ಸವೆಯುವುದು ನಿಜ, ಆದರೆ ನಿಧಾನವಾಗಿ ಸವೆಯುತ್ತದೆ, ಮತ್ತು ಕೂಗಿ ಹೇಳುತ್ತಾ ಸವೆಯುತ್ತದೆ. ಬಿಗಿ ಟ್ಯಾಪೆಟ್ ಏನೂ ಹೇಳುವುದಿಲ್ಲ. ಎಕ್ಸಾಸ್ಟ್ ವಾಲ್ವಿನ ಮೇಲೆ ಹಾದು ಹೋಗುವ ಹೊಗೆ ನೂರಾರು ಡಿಗ್ರಿ ಬಿಸಿ ಇರುತ್ತದೆ. ವಾಲ್ವ್ ಆ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಬಹುಪಾಲು ಸೀಟಿನ ಮೇಲೆ ಕೂತಿರುವ ಹೊತ್ತಿನಲ್ಲಿ. ಕೂರಲಿಕ್ಕೇ ಬಿಡದಿದ್ದರೆ ಬಿಸಿ ಅಲ್ಲೇ ಉಳಿಯುತ್ತದೆ, ಜೊತೆಗೆ ಉರಿಯುವ ಗ್ಯಾಸ್ ಆ ಸಣ್ಣ ಸಂದಿನಿಂದ ನುಗ್ಗಿ ಅಂಚನ್ನೇ ತಿನ್ನುತ್ತದೆ. ಘಟ್ಟ ಹತ್ತುವಾಗ ಸೆಕೆಂಡ್ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿಕೊಂಡು, ತಿರುವಿನ ಮೇಲೆ ತಿರುವು. ವಾಲ್ವಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅದಕ್ಕೇ ಘಟ್ಟ ಬೇಡ ಅಂದೆ.

ಹಿಂದೊಂದು ಸಲ ಹೀಗೇ ಎಳೆತ ಇಲ್ಲ ಅಂತ ಒಂದು ಓಮ್ನಿ ನನ್ನ ಹತ್ತಿರ ಬಂದಿತ್ತು. ಅದೂ ಗ್ಯಾಸಿನ ಗಾಡಿ. ಸ್ವಲ್ಪವೂ ಟ್ಯಾಪೆಟ್ ಶಬ್ದ ಇರಲಿಲ್ಲ, ಹೊಲಿಗೆ ಮೆಶಿನ್ ಹಾಗೆ ನುಣ್ಣಗೆ ತಿರುಗುತ್ತಿತ್ತು, ಆದರೆ ಮೂರರಲ್ಲಿ ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಟ್ಯಾಪೆಟ್ ಕವರ್ ಬಿಚ್ಚಿದೆ. ಎರಡನೇ ಸಿಲಿಂಡರಿನ ಎಕ್ಸಾಸ್ಟ್ ರಾಕರನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರೆ ಜಪ್ಪಯ್ಯ ಅನ್ನಲಿಲ್ಲ. 0.05ರ ಫೀಲರ್ ಎಲೆಯೂ ಒಳಗೆ ಹೋಗಲಿಲ್ಲ. ಹೆಡ್ ಬಿಚ್ಚಿ ವಾಲ್ವ್ ಹೊರಗೆ ತೆಗೆದೆವು. ದುಂಡಗಿನ ಅಂಚಿನಲ್ಲಿ ಒಂದು ಕಡೆ ಉಗುರಿನಷ್ಟು ಅಗಲಕ್ಕೆ ತುಂಡು ಇರಲಿಲ್ಲ. ಮಗು ರೊಟ್ಟಿಯ ಅಂಚು ಕಚ್ಚಿ ಇಟ್ಟ ಹಾಗಿತ್ತು. ಆ ಜಾಗದ ಸುತ್ತ ಲೋಹ ಬಿಳಿಚಿಕೊಂಡಿತ್ತು. ಹೊಸ ವಾಲ್ವ್, ಸೀಟ್ ಕಟಿಂಗ್, ಹೆಡ್ ಪ್ಯಾಕಿಂಗ್, ಟೈಮಿಂಗ್ ಬೆಲ್ಟ್ ಎಲ್ಲಾ ಆಯ್ತು. ಅದರ ಮಾಲೀಕರಿಗೂ ಆರು ತಿಂಗಳ ಹಿಂದೆ ಯಾರೋ ಟ್ಯಾಪೆಟ್ ಶಬ್ದ ನಿಲ್ಲಿಸಿ ಕೊಟ್ಟಿದ್ದರು.

ಗ್ಯಾಸಿನ ಗಾಡಿಗೆ ಇನ್ನೂ ಒಂದು ತೊಂದರೆ ಇದೆ. ಎಲ್‌ಪಿಜಿ ಒಣ ಇಂಧನ. ವಾಲ್ವ್ ಮತ್ತು ಸೀಟಿನ ನಡುವೆ ಸವೆತ ಪೆಟ್ರೋಲಿಗಿಂತ ಜಾಸ್ತಿ. ಸೀಟ್ ಸವೆದ ಹಾಗೆ ವಾಲ್ವ್ ಹೆಡ್ಡಿನೊಳಗೆ ಹೂತು ಹೋಗುತ್ತದೆ, ಅದರ ತಲೆ ಮೇಲಕ್ಕೆ ಬರುತ್ತದೆ, ಸಂದು ತನ್ನಿಂದ ತಾನೇ ಕಮ್ಮಿಯಾಗುತ್ತದೆ. ಯಾರೂ ಸ್ಕ್ರೂ ಮುಟ್ಟದಿದ್ದರೂ ಬಿಗಿಯಾಗುತ್ತಾ ಹೋಗುತ್ತದೆ. ಹಾಗಾಗಿ ಗ್ಯಾಸಿನ ಮೇಲೆ ಓಡುವ ಗಾಡಿ ದಿನದಿಂದ ದಿನಕ್ಕೆ ನಿಶ್ಶಬ್ದವಾಗುತ್ತಿದೆ ಅಂದರೆ ಖುಷಿಪಡಬೇಡಿ, ಅಳತೆ ನೋಡಿಸಿ. ನನ್ನ ಲೆಕ್ಕದಲ್ಲಿ ಘಟ್ಟ ಹತ್ತಿಳಿಯುವ ಗ್ಯಾಸಿನ ಓಮ್ನಿಗೆ 15,000 ಕಿ.ಮೀ.ಗೆ ಒಂದು ಸಲ ಟ್ಯಾಪೆಟ್ ನೋಡಬೇಕು.

ಇನ್ನು ಉಳಿದ ಟಿಕ್ ಟಿಕ್ ವಿಷಯ. ತಣ್ಣಗಿದ್ದಾಗ ಇರುತ್ತದೆ, ಬಿಸಿಯಾದರೆ ಹೋಗುತ್ತದೆ ಅಂದಿರಿ. ಮೇಲೆ ಹೇಳಿದ್ದನ್ನು ನೆನಪಿಡಿ. ಈ ಇಂಜಿನ್ನಿನಲ್ಲಿ ಬಿಸಿಯಾದಾಗ ಟ್ಯಾಪೆಟ್ ಸಂದು ದೊಡ್ಡದಾಗುತ್ತದೆ. ಟ್ಯಾಪೆಟ್ ಶಬ್ದವಾಗಿದ್ದರೆ ಬಿಸಿಯಾದ ಮೇಲೆ ಹಾಗೇ ಇರಬೇಕಿತ್ತು, ಇಲ್ಲವೇ ಜಾಸ್ತಿಯಾಗಬೇಕಿತ್ತು. ಉಲ್ಟಾ ಆಗುತ್ತಿದೆ ಅಂದರೆ ಅನುಮಾನ ಬೇರೆ ಕಡೆ ಹೋಗಬೇಕು. ಮ್ಯಾನಿಫೋಲ್ಡ್ ಲೀಕ್ ಸರಿಯಾಗಿ ಹೀಗೇ ನಡೆದುಕೊಳ್ಳುತ್ತದೆ. ತಣ್ಣಗಿದ್ದಾಗ ಸಂದು ತೆರೆದಿರುತ್ತದೆ, ಪ್ರತಿ ಸಲ ಹೊಗೆ ಹೊರಬಿದ್ದಾಗ ಟಿಕ್ ಅನ್ನುತ್ತದೆ. ಐದು ಹತ್ತು ನಿಮಿಷದಲ್ಲಿ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ.

ಎರಡೂ ಶಬ್ದ ಒಂದೇ ತರ ಕೇಳಿಸಲಿಕ್ಕೆ ಕಾರಣ ಇದೆ. ಸ್ಲೋದಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗಿದರೆ ಕ್ಯಾಮ್ ಅದರ ಅರ್ಧ, 425 ಸುತ್ತು. ಒಂದು ಟ್ಯಾಪೆಟ್ ಸಡಿಲ ಇದ್ದರೆ ಸೆಕೆಂಡಿಗೆ ಏಳು ಸಲ ಬಡಿಯುತ್ತದೆ. ಒಂದು ಸಿಲಿಂಡರಿನ ಹೊಗೆಯೂ ಎರಡು ಸುತ್ತಿಗೆ ಒಂದೇ ಸಲ ಹೊರಬೀಳುವುದು, ಅದೂ ಸೆಕೆಂಡಿಗೆ ಏಳೇ. ತಾಳ ಒಂದೇ. ಹಾಗಾಗಿ ತಾಳ ಎಣಿಸಿ ಇವೆರಡನ್ನು ಬೇರೆ ಮಾಡಲಿಕ್ಕೆ ಆಗುವುದಿಲ್ಲ, ನಾದ ಕೇಳಬೇಕು. ಟ್ಯಾಪೆಟ್ಟಿನದ್ದು ಅಡಕತ್ತರಿಯಲ್ಲಿ ಚಾಲಿ ಅಡಿಕೆ ಕತ್ತರಿಸಿದ ಹಾಗೆ, ಗಟ್ಟಿ, ಒಣ, ಲೋಹಕ್ಕೆ ಲೋಹ ತಾಗುವ ಕಟ್ ಕಟ್. ಲೀಕಿನದ್ದರಲ್ಲಿ ಗಾಳಿ ಇರುತ್ತದೆ, ಟಿಕ್ಕಿನ ಬಾಲಕ್ಕೆ ಒಂದು ಚಿಕ್ಕ ‘ಫ್’ ಅಂಟಿಕೊಂಡಿರುತ್ತದೆ. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಕೊಟ್ಟರೆ ಲೀಕಿನ ಶಬ್ದ ಏಕದಂ ಏರುತ್ತದೆ. ಬೇರಿಂಗ್ ಹೋದ ಶಬ್ದ ಬೇರೆಯೇ. ಅದು ಒರಳಿಗೆ ಒನಕೆ ಬಿದ್ದ ಹಾಗೆ ಕೆಳಗಿನಿಂದ ಬರುವ ದಪ್ಪ ಶಬ್ದ, ಲೋಡ್ ಬಿದ್ದಾಗ ಜಾಸ್ತಿ. ಅದು ಕೇಳಿಸಿದರೆ ಗಾಡಿ ನಿಂತಲ್ಲೇ ಬಂದ್ ಮಾಡಿ.

ಮನೆಯಲ್ಲೇ ನೀವು ನೋಡಬಹುದಾದ ಕೆಲಸ ಇದೆ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಇದಕ್ಕೆ ಜಾಸ್ತಿ ಕಷ್ಟ ಇಲ್ಲ. ಹಿಂದಿನ ರಾತ್ರಿಯೇ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿಡಿ, ಕೊಟ್ಟಿಗೆ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಬೇಡ. ಬೆಳಿಗ್ಗೆ ಸೀಟ್ ಎತ್ತುವ ಮೊದಲು ಗ್ಯಾಸ್ ವಾಸನೆ ಇದೆಯಾ ನೋಡಿ. ಇದ್ದರೆ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಆ ಲೀಕ್ ಸರಿಯಾಗಬೇಕು.

ಸ್ಟಾರ್ಟ್ ಮಾಡಿದ ಕೂಡಲೇ ಪೆಟ್ರೋಲಿನಲ್ಲಿ ಒಂದು ನಿಮಿಷ ಕೇಳಿ, ಆಮೇಲೆ ಗ್ಯಾಸಿಗೆ ಬದಲಿಸಿ ಕೇಳಿ. ಪೆಟ್ರೋಲ್ ಇಂಜೆಕ್ಟರ್ ಕೆಲಸ ಮಾಡುವಾಗ ಸಣ್ಣಗೆ ಟಿಕ್ ಟಿಕ್ ಅನ್ನುವುದು ಸಹಜ. ಗ್ಯಾಸಿಗೆ ಹಾಕಿದಾಗ ಅವು ನಿಲ್ಲುತ್ತವೆ. ಅದರ ಜೊತೆಗೇ ಶಬ್ದವೂ ನಿಂತರೆ ನೀವು ಕೇಳುತ್ತಿದ್ದದ್ದು ಇಂಜೆಕ್ಟರ್, ಅದಕ್ಕೆ ಏನೂ ಮಾಡುವುದು ಬೇಡ. ಈ ಒಂದು ಅನುಕೂಲ ಬರೀ ಪೆಟ್ರೋಲ್ ಗಾಡಿಯವರಿಗೆ ಇಲ್ಲ.

ಶಬ್ದ ಎರಡರಲ್ಲೂ ಇದ್ದರೆ ತೋಟಕ್ಕೆ ನೀರು ಬಿಡುವ ಸಣ್ಣ ಪೈಪಿನ ತುಂಡು ತನ್ನಿ, ಒಂದು ಮೀಟರ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಗೆರೆಯುದ್ದಕ್ಕೂ ನಿಧಾನ ಸರಿಸಿ. ಬೆಲ್ಟು, ಫ್ಯಾನಿನಿಂದ ಕೈ, ಪಂಚೆ, ಶಾಲು ಎಲ್ಲಾ ದೂರ ಇರಲಿ. ಲೀಕ್ ಇರುವ ಜಾಗಕ್ಕೆ ಬಂದಾಗ ಯಾರೋ ಕಿವಿಯೊಳಗೇ ಊದಿದ ಹಾಗಾಗುತ್ತದೆ, ಅನುಮಾನವೇ ಉಳಿಯುವುದಿಲ್ಲ. ಆಮೇಲೆ ಉದ್ದ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಒಂದೊಂದು ಸಿಲಿಂಡರಿನ ನೇರಕ್ಕೆ ಇಟ್ಟು ಕೇಳಿ. ಟ್ಯಾಪೆಟ್ ಆದರೆ ಕವರಿನ ಒಂದು ಜಾಗದಲ್ಲಿ ಶಬ್ದ ಎದ್ದು ಕಾಣುತ್ತದೆ. ಇಂಜಿನ್ ಬಂದ್ ಮಾಡಿ ಆರಿದ ಮೇಲೆ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಗೆರೆ ನೋಡಿ. ಲೀಕ್ ಇದ್ದಲ್ಲಿ ಒಲೆ ಮೇಲಿನ ಮಸಿಯ ಹಾಗೆ ಕಪ್ಪು ನಾಲಿಗೆ ಚಾಚಿಕೊಂಡಿರುತ್ತದೆ.

ಕಾರವಾರದಿಂದ ಬರುವ ಗಾಡಿಗಳಲ್ಲಿ ಈ ಲೀಕ್ ನಾನು ಬಹಳ ನೋಡಿದ್ದೇನೆ. ಉಪ್ಪು ಗಾಳಿಗೆ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ಬೋಲ್ಟುಗಳು, ಅಂದರೆ ಸ್ಟಡ್ಡುಗಳು, ತುಕ್ಕು ಹಿಡಿದು ಸಣ್ಣಗಾಗುತ್ತವೆ, ಒಂದು ದಿನ ತುದಿಯ ಸ್ಟಡ್ ತುಂಡಾಗುತ್ತದೆ. ಒಂದು ಕಾರಿಗೆ ಟ್ಯಾಪೆಟ್ ಶಬ್ದ ಅಂತ ಮೂರು ಕಡೆ ಟ್ಯಾಪೆಟ್ ಹೊಂದಿಸಿ, ಕೊನೆಗೆ ಕ್ಯಾಮ್ ಶಾಫ್ಟನ್ನೂ ಬದಲಿಸಿದ್ದರು. ಹೀಟ್ ಶೀಲ್ಡ್ ತಗಡು ಬಿಚ್ಚಿ ನೋಡಿದರೆ ಹಿಂದಿನ ಸ್ಟಡ್ ಇರಲೇ ಇಲ್ಲ, ಅದರ ಜಾಗದಲ್ಲಿ ತುಕ್ಕಿನ ತೂತು ಮಾತ್ರ. ಮಾಲೀಕರು ಆ ತೂತನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ನೀವು ಶಿರಸಿಯವರಾದರೂ ಕುಮಟಾ ಓಡಾಟ ಇದೆ, ಜೊತೆಗೆ ನಮ್ಮ ಮಳೆಗಾಲದ ನಾಲ್ಕು ತಿಂಗಳ ಹಸಿ ಇದೆ. ತುಕ್ಕಿಗೆ ಅಷ್ಟು ಸಾಕು.

ಗಾಜು ಇಳಿಸಿ ಅಂದದ್ದು ಇದಕ್ಕೇ. ಬೇರೆ ಕಾರಿನಲ್ಲಿ ಮ್ಯಾನಿಫೋಲ್ಡ್ ಲೀಕ್ ಆದರೆ ಹೊಗೆ ಬಾನೆಟ್ಟಿನ ಕೆಳಗೆ ಹೋಗುತ್ತದೆ. ಓಮ್ನಿಯಲ್ಲಿ ಇಂಜಿನ್ ನೀವು ಕೂತ ಜಾಗದ ಕೆಳಗೇ ಇದೆ. ಸೀಟ್ ಕೆಳಗಿನ ಮುಚ್ಚಳದ ರಬ್ಬರ್ ಹಳೆಯದಾಗಿ ಬಿರಿದಿದ್ದರೆ ಆ ಹೊಗೆ ಸೀದಾ ಒಳಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆ ಅಂತ ನಾಲ್ಕೂ ಕಡೆ ಗಾಜು ಏರಿಸಿಕೊಂಡು, ಹಿಂದೆ ಮಕ್ಕಳನ್ನು ಮಲಗಿಸಿಕೊಂಡು ಘಟ್ಟ ಹತ್ತುವವರು ನಮ್ಮಲ್ಲಿ ಎಷ್ಟು ಜನ! ಪ್ರಯಾಣದಲ್ಲಿ ಎಲ್ಲರಿಗೂ ತಲೆನೋವು, ವಾಂತಿ ಬಂದ ಹಾಗಾಗುವುದು ಯಾವಾಗಲೂ ತಿರುವಿನಿಂದಲೇ ಅಂದುಕೊಳ್ಳಬೇಡಿ. ದಯವಿಟ್ಟು ಆ ರಬ್ಬರನ್ನು ಈ ವಾರವೇ ನೋಡಿ. ಬಿರಿದಿದ್ದರೆ ಬದಲಿಸಿ, ಅದು ದೊಡ್ಡ ಖರ್ಚಲ್ಲ.

ಈಗ ಗ್ಯಾರೇಜ್ ಕೆಲಸ. ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ, ಬೆಳಿಗ್ಗೆ ತಣ್ಣಗಿದ್ದಾಗ ಅಳೆಯಲಿ ಅಂತ ಹೇಳಿ. ಮೊದಲು ಅಳೆಯಬೇಕು, ಸ್ಕ್ರೂ ಮುಟ್ಟುವುದು ಆಮೇಲೆ. ಈಗ ಇರುವ ಆರೂ ಸಂದುಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆಸಿ. ಒಂದನೇ ಸಿಲಿಂಡರ್ ಇನ್ಲೆಟ್ ಇಷ್ಟು, ಎಕ್ಸಾಸ್ಟ್ ಇಷ್ಟು, ಹೀಗೆ. ಆ ಚೀಟಿಯೇ ನಿಮ್ಮ ಇಂಜಿನ್ನಿನ ಕಥೆ ಹೇಳುತ್ತದೆ. ಆರೂ ಸಮನಾಗಿ ಕಮ್ಮಿ ಇದ್ದರೆ ಬಿಸಿಯಲ್ಲಿ ತಣ್ಣಗಿನ ಅಳತೆ ಇಟ್ಟಿದ್ದು ಖಾತ್ರಿ. ಎಕ್ಸಾಸ್ಟ್ ಮಾತ್ರ ಕಮ್ಮಿ ಇದ್ದರೆ ಸೀಟ್ ಸವೆತ. ಒಂದೇ ಒಂದು ವಾಲ್ವಿನಲ್ಲಿ ಸಂದು ಇಲ್ಲ ಅಂದರೆ ಆ ವಾಲ್ವಿನ ಬಗ್ಗೆ ಹೆದರಬೇಕು.

ಹೊಂದಿಸುವ ಕ್ರಮ ತಿಳಿದವರಿಗೆ ಸುಲಭ. ಮೂರೂ ಪ್ಲಗ್ ಬಿಚ್ಚಿದರೆ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಶನ್ನಿನಲ್ಲಿ ಪೂರ್ತಿ ಮೇಲೆ ಬಂದಾಗ ಅದರ ಎರಡೂ ವಾಲ್ವ್ ಮುಚ್ಚಿರುತ್ತವೆ, ಆಗ ಆ ಎರಡನ್ನು ಅಳೆಯಬೇಕು. ಅಲ್ಲಿಂದ ಕ್ರ್ಯಾಂಕನ್ನು ಒಂದು ಸುತ್ತಿನ ಮೂರರಲ್ಲಿ ಎರಡು ಪಾಲು, ಅಂದರೆ 240 ಡಿಗ್ರಿ ತಿರುಗಿಸಿದರೆ ಮೂರನೇ ಸಿಲಿಂಡರ್, ಮತ್ತೆ ಅಷ್ಟೇ ತಿರುಗಿಸಿದರೆ ಎರಡನೆಯದು. ಇದರ ಫೈರಿಂಗ್ ಕ್ರಮ 1-3-2. ಫೀಲರ್ ಎಲೆ ಎಳೆಯುವಾಗ ದಪ್ಪ ಪುಸ್ತಕದೊಳಗೆ ಸಿಕ್ಕಿಸಿದ ಕಾಗದ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಸಡಿಲವಾಗಿ ಜಾರಬಾರದು, ಎಲೆ ಮಡಚಿಕೊಳ್ಳಲೂ ಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಅದರ ಜೊತೆ ಸ್ವಲ್ಪ ತಿರುಗಿಬಿಡುತ್ತದೆ. ಹಾಗಾಗಿ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು. ಗಡಿಬಿಡಿಯಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ.

ಅಳತೆ ಸರಿ ಇದ್ದೂ ಶಬ್ದ ಬರುವುದುಂಟು. ಸ್ಕ್ರೂವಿನ ತುದಿ ವರ್ಷಗಟ್ಟಲೆ ಬಡಿದು ಬಡಿದು ಗುಳಿ ಬಿದ್ದಿರುತ್ತದೆ. ಫೀಲರ್ ಎಲೆ ನೆಟ್ಟಗೆ ಇರುತ್ತದೆ, ಗುಳಿಯ ಮೇಲೆ ಸೇತುವೆ ಹಾಗೆ ಕೂರುತ್ತದೆ, ಗುಳಿಯ ಆಳ ಲೆಕ್ಕಕ್ಕೆ ಬರುವುದಿಲ್ಲ. ಗೇಜ್ 0.15 ಅನ್ನುತ್ತದೆ, ನಿಜವಾದ ಸಂದು ಅದಕ್ಕಿಂತ ದೊಡ್ಡದು. ಇಂಥಲ್ಲಿ ಶಬ್ದದ ಬೆನ್ನು ಹತ್ತಿ ಬಿಗಿ ಮಾಡುತ್ತಾ ಹೋಗಬಾರದು, ಸ್ಕ್ರೂ ಬದಲಿಸಬೇಕು. ಕವರ್ ಬಿಚ್ಚಿದಾಗಲೇ ಸ್ಕ್ರೂ ತುದಿ, ರಾಕರ್ ಕ್ಯಾಮಿಗೆ ತಾಗುವ ಮುಖ, ಕ್ಯಾಮಿನ ಉಬ್ಬು ಮೂರನ್ನೂ ಬೆರಳಾಡಿಸಿ ನೋಡಲಿಕ್ಕೆ ಹೇಳಿ. ಕನ್ನಡಿ ಹಾಗೆ ನುಣ್ಣಗಿರಬೇಕು. ಸಿಪ್ಪೆ ಎದ್ದಿದ್ದರೆ, ಗೀರು ಉಗುರಿಗೆ ಸಿಕ್ಕರೆ, ಆ ಭಾಗ ಬದಲಾಗಬೇಕು.

ಟ್ಯಾಪೆಟ್ ಸರಿಯಾದ ಅಳತೆಗೆ ಬಂದ ಮೇಲೆ ಕಂಪ್ರೆಶನ್ ನೋಡಿಸಿ. ಮೊದಲೇ ನೋಡಿದರೆ ಬಿಗಿ ಟ್ಯಾಪೆಟ್ಟಿಂದ ಕಮ್ಮಿ ಬಂದದ್ದೋ ಸುಟ್ಟ ವಾಲ್ವಿಂದ ಬಂದದ್ದೋ ಗೊತ್ತಾಗುವುದಿಲ್ಲ. ಪ್ಲಗ್ ಎಲ್ಲಾ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಗ್ಯಾಸಿನ ವಾಲ್ವ್ ಬಂದ್ ಇರಬೇಕು, ಪೆಟ್ರೋಲ್ ಮತ್ತು ಕಿಡಿ ಎರಡೂ ಕಟ್ ಆಗಿರಬೇಕು. ಮೂರು ಸಿಲಿಂಡರುಗಳ ನಡುವೆ ಗೇಜಿನಲ್ಲಿ ಒಂದು ಕೆಜಿಗಿಂತ (ಚದರ ಸೆಂ.ಮೀ.ಗೆ) ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಕಮ್ಮಿ ಬಂದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಇನ್ನೊಮ್ಮೆ ನೋಡಲಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಬಹುಶಃ ವಾಲ್ವ್. ಆಗ ಮಾತ್ರ ಹೆಡ್ ಬಿಚ್ಚುವ ಮಾತು. ಹೆಡ್ ಬಿಚ್ಚಿ ಅಂತ ನಿಮಗೆ ಹೇಳಿದವರು ಸುಮ್ನೆ ಹೇಳಿದ್ದಲ್ಲದೇ ಇರಬಹುದು, ಆದರೆ ಈ ಸಂಖ್ಯೆ ನೋಡದೆ ಬಿಚ್ಚಲಿಕ್ಕೆ ಒಪ್ಪಬೇಡಿ. ನೀವು ತಡಮಾಡದೆ ಕೇಳಿದ್ದೀರಿ ಅನ್ನುವ ಧೈರ್ಯದ ಮೇಲೆ ಹೇಳುತ್ತೇನೆ, ವಾಲ್ವ್ ಇನ್ನೂ ಸುಟ್ಟಿರಲಿಕ್ಕಿಲ್ಲ. ಸರಿಯಾದ ಸಂದು ಕೊಟ್ಟರೆ ನಡುಕ ಹೋಗುವ ಸಾಧ್ಯತೆ ಜಾಸ್ತಿ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ, ಸುಟ್ಟ ವಾಲ್ವನ್ನೇ ಪೇಸ್ಟ್ ಹಾಕಿ ಉಜ್ಜಿ ಮತ್ತೆ ಕೂರಿಸಲಿಕ್ಕೆ ಬಿಡಬೇಡಿ. ಹೊಸ ವಾಲ್ವ್, ಸೀಟ್ ಕಟಿಂಗ್, ಹೊಸ ಆಯಿಲ್ ಸೀಲ್. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿರುತ್ತಾರೆ, ಹೊಸದನ್ನೇ ಹಾಕಿಸಿ.

ಮ್ಯಾನಿಫೋಲ್ಡ್ ಕೆಲಸಕ್ಕೆ ತಾಳ್ಮೆ ಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಬೆಳಿಗ್ಗೆ ಸ್ವಲ್ಪ ಬಿಚ್ಚುವುದು, ಸ್ವಲ್ಪ ಬಿಗಿ ಮಾಡುವುದು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಜೋರು ಮಾಡಿದರೆ ಸ್ಟಡ್ ಹೆಡ್ಡಿನೊಳಗೇ ಮುರಿಯುತ್ತದೆ, ಆಮೇಲೆ ಡ್ರಿಲ್ ಹೊಡೆದು ಹೊಸ ಮರೆ (ಸ್ಕ್ರೂ ಕೂರುವ ಸುತ್ತು) ಕೂರಿಸಬೇಕಾಗುತ್ತದೆ. ಹೊಸ ಪ್ಯಾಕಿಂಗ್ ಹಾಕುವ ಮೊದಲು ಮ್ಯಾನಿಫೋಲ್ಡಿನ ಮುಖದ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಸೊಟ್ಟ ಇದೆಯಾ ನೋಡಬೇಕು. ಸೊಟ್ಟ ಇದ್ದರೆ ಲೇತಿನವರ ಹತ್ತಿರ ಮುಖ ಸಮ ಮಾಡಿಸಬೇಕು, ಇಲ್ಲದಿದ್ದರೆ ಹೊಸ ಪ್ಯಾಕಿಂಗ್ ತಿಂಗಳಲ್ಲಿ ಹಾರುತ್ತದೆ. ಬಿಗಿ ಮಾಡುವುದು ನಡುವಿನಿಂದ ಹೊರಕ್ಕೆ.

ದಪ್ಪ ಆಯಿಲ್ ಸಲಹೆ ನನಗೆ ಒಪ್ಪಿಗೆ ಇಲ್ಲ. ದಪ್ಪ ಆಯಿಲ್ ಶಬ್ದವನ್ನು ಸ್ವಲ್ಪ ಮುಚ್ಚುತ್ತದೆ ನಿಜ. ಆದರೆ ಬೆಳಿಗ್ಗೆ ಮೇಲಿನ ರಾಕರ್ ಶಾಫ್ಟಿಗೆ ತಲುಪಲಿಕ್ಕೆ ತಡವಾಗುತ್ತದೆ, ಕ್ಯಾಮ್ ಸವೆಯುವುದು ಆ ಒಣ ಸೆಕೆಂಡುಗಳಲ್ಲೇ. ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಲಿ. ಡಿಪ್ ಸ್ಟಿಕ್ ಮಟ್ಟ ಮಾತ್ರ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ನೋಡಿ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಹೋಗಿ ನಿಲ್ಲಿಸುವ ಗಾಡಿಗಳಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಹಾಗೆ ಬಿಳಿ ನೊರೆ ಕಾಣುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ನೀರಿನ ಪಸೆ ಆಯಿಲಿಗೆ ಸೇರಿದ್ದು ಅದು. ಕೂಲಂಟ್ ಕಮ್ಮಿಯಾಗುತ್ತಿಲ್ಲ ಅಂದರೆ ಹೆಡ್ ಪ್ಯಾಕಿಂಗ್ ಹೋಗಿದೆ ಅಂತ ಗಾಬರಿ ಬೇಡ. ಆದರೆ ಅಂಥ ಗಾಡಿಗೆ ಮಳೆಗಾಲ ಮುಗಿದ ಕೂಡಲೇ ಆಯಿಲ್ ಬದಲಿಸುವುದು ಒಳ್ಳೆಯದು.

ಇದನ್ನು ಓದುವ ಬೇರೆ ಗಾಡಿಯವರಿಗೂ ಒಂದು ಮಾತು. ಮೇಲೆ ಬರೆದ ಸ್ಕ್ರೂ ಹೊಂದಾಣಿಕೆ ಎಲ್ಲ ಇಂಜಿನ್ನಿಗೂ ಇಲ್ಲ. ಸ್ವಿಫ್ಟ್, ಡಿಸೈರ್ ಹಳೇ ಡೀಸೆಲ್‌ನಲ್ಲಿ ಇದ್ದ 1248 ಸಿಸಿ ಇಂಜಿನ್ನಿಗೆ ಹೈಡ್ರಾಲಿಕ್ ಟ್ಯಾಪೆಟ್. ಆಯಿಲ್ ಒತ್ತಡವೇ ಸಂದು ತುಂಬುತ್ತದೆ, ಹೊಂದಿಸಲಿಕ್ಕೆ ಏನೂ ಇಲ್ಲ. ಎರಡು ದಿನ ನಿಲ್ಲಿಸಿಟ್ಟು ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಟಕ್ ಟಕ್ ಅಂದು ನಿಂತರೆ ಪರವಾಗಿಲ್ಲ. ನಿಲ್ಲದಿದ್ದರೆ ಮೊದಲು ಆಯಿಲ್ ಮಟ್ಟ, ಆಮೇಲೆ ಒಳ್ಳೆಯ ಆಯಿಲ್ ಮತ್ತು ಫಿಲ್ಟರ್. ಆದರೆ ಅದೇ ಇಂಜಿನ್ನಿನಲ್ಲಿ ಬೆಲ್ಟ್ ಬದಿಯಿಂದ, ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬದಲ್ಲಿ ಸರಪಳಿ ಅಲ್ಲಾಡಿಸಿದ ಹಾಗೆ ಗರಗರ ಬಂದರೆ ಅದು ಟೈಮಿಂಗ್ ಚೈನ್. ಅದನ್ನು ಒಂದು ದಿನವೂ ಮುಂದೆ ಹಾಕಬೇಡಿ. ಚೈನ್ ಹಾರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಗ್ಯಾರೇಜಿನವರ ಹತ್ತಿರ ಜಗಳ ಬೇಡ. ‘ಬಿಸಿಯಲ್ಲಿ ಮಾಡಿದ್ದು, ತಣ್ಣಗಿದ್ದಾಗ ಒಮ್ಮೆ ಅಳೆದು ಕೊಡಿ’ ಅಂದರೆ ಕೆಲಸ ಬಲ್ಲ ಯಾವ ಮೆಕ್ಯಾನಿಕ್ಕಿಗೂ ಅರ್ಥವಾಗುತ್ತದೆ. ಸರಿ ಮಾಡಿದ ಮೇಲೆ ಇಂಜಿನ್ನಿನಿಂದ ಸಣ್ಣ, ಒಂದೇ ಸಮನಾದ ಚಿಟಿಚಿಟಿ ಕೇಳಿಸಿದರೆ ಅದು ಇರಲಿ, ಅದು ಸಂದು ಇದೆ ಅಂತ ಹೇಳುವ ಶಬ್ದ. ಆರು ಅಳತೆಗಳ ಚೀಟಿ ಸಿಕ್ಕಿದ ಮೇಲೆ, ಮತ್ತೆ ದೇವಿಮನೆ ಘಟ್ಟ ಹತ್ತುವ ಮೊದಲು, ಅದನ್ನು ನನಗೆ ಕಳಿಸಿ. ಕಂಪ್ರೆಶನ್ನಿನ ಮೂರು ಸಂಖ್ಯೆಗಳನ್ನೂ ಅದರ ಕೆಳಗೇ ಬರೆಯಿರಿ.